ಸಿಂಕ್ ಕೆಳಗಿಟ್ಟ ಲೋಟ: ವಾರದ ದಿನಗಳಲ್ಲಿ ಕ್ರಿಸ್ತನ ಮಾದರಿ

ಮುಂಬೈ, ಥಾಣೆ, ನವಿ ಮುಂಬೈ ಕಡೆ ಕೆಲಸಕ್ಕೆ ಅಂತ ಬಂದು ನೆಲೆಸಿರುವ ನಮ್ಮ ಕನ್ನಡದ ಅಣ್ಣತಮ್ಮಂದಿರು, ಅಕ್ಕತಂಗಿಯರು ಈ ಮಾತುಗಳನ್ನು ಕೇಳುತ್ತಿದ್ದೀರಿ. ಕೆಲವರು ಲೋಕಲ್ ಟ್ರೇನಿನಲ್ಲಿ ನಿಂತುಕೊಂಡು ಕೇಳ್ತಿರಬಹುದು. ಇನ್ನು ಕೆಲವರು ನೈಟ್ ಶಿಫ್ಟ್ ಮುಗಿಸಿ ಕ್ಯಾಬಿನಲ್ಲಿ ಕೂತಿರಬಹುದು. ಇವತ್ತಿನ ಮಾತು ನನಗೇ ಸ್ವಲ್ಪ ನಾಚಿಕೆ ತರುವಂಥದ್ದು. ಆದರೂ ಹೇಳ್ತೀನಿ.

ನಾನು ಥಾಣೆಯಲ್ಲಿ ಇರೋದು. ಕೆಲಸ ಐರೋಲಿಯಲ್ಲಿ, ಸಾಫ್ಟ್‌ವೇರ್ ಟೆಸ್ಟಿಂಗ್. ನಮ್ಮ ಮನೆಗೆ ಪಾತ್ರೆ ತೊಳೆಯೋಕೆ, ನೆಲ ಒರೆಸೋಕೆ ಒಬ್ಬ ಅಕ್ಕ ಬರ್ತಾರೆ. ಕಲಬುರಗಿ ಕಡೆಯವರು. ಮೊದಲ ದಿನ ನಾವು ಮನೆಯಲ್ಲಿ ಕನ್ನಡ ಮಾತಾಡೋದು ಕೇಳಿ ಅವರ ಮುಖ ಅರಳಿದ್ದು ನನಗೆ ಈಗಲೂ ನೆನಪಿದೆ. ಈ ಊರಲ್ಲಿ ನಮ್ಮ ಭಾಷೆ ಕಿವಿಗೆ ಬಿದ್ದರೆ ಎಷ್ಟು ಸಂತೋಷ ಆಗುತ್ತೆ ಅಂತ ನಿಮಗೂ ಗೊತ್ತು.

ಒಂದು ಶನಿವಾರ ಸಂಜೆ ನಮ್ಮ ಮನೆಯಲ್ಲೇ ಪ್ರಾರ್ಥನಾ ಕೂಟ ಇತ್ತು. ಸತ್ಯವೇದದ ಪಾಠ ನಾನೇ ಹೇಳಬೇಕಿತ್ತು. ಯೋಹಾನನ ಸುವಾರ್ತೆ ನಾಲ್ಕನೇ ಅಧ್ಯಾಯ, ಸಮಾರ್ಯದ ಸ್ತ್ರೀ. ಮಧ್ಯಾಹ್ನ ಡೈನಿಂಗ್ ಟೇಬಲ್ ಮೇಲೆ ಸತ್ಯವೇದ ಇಟ್ಟುಕೊಂಡು ನೋಟ್ಸ್ ಬರೀತಾ ಇದ್ದೆ. ಅಕ್ಕ ನೆಲ ಒರೆಸಿ ಮುಗಿಸಿದರು. ಮೇ ತಿಂಗಳ ಸೆಖೆ. ನಾನು ಟೇಬಲ್ ಮೇಲಿದ್ದ ಲೋಟಕ್ಕೇ ನೀರು ಹಾಕಿ, "ಅಕ್ಕ, ನೀರು ಕುಡೀರಿ" ಅಂತ ಕೊಟ್ಟೆ.

ಅವರು ಕೈ ಹಿಂದಕ್ಕೆ ಎಳ್ಕೊಂಡರು. "ಬ್ಯಾಡ್ರಿ ಅಕ್ಕಾರ, ನನ್ನ ಗಿಲಾಸ ಇಲ್ಲೇ ಅದರಿ" ಅಂದವರೇ ಬಗ್ಗಿ ಸಿಂಕ್ ಕೆಳಗಿನಿಂದ ಒಂದು ಸ್ಟೀಲ್ ಲೋಟ ತೆಗೆದರು.

ನನ್ನ ಮನೆ, ನನ್ನ ಅಡುಗೆಮನೆ. ಆ ಲೋಟವನ್ನು ಅಲ್ಲಿಗೆ ಇಟ್ಟವರು ಯಾರು? ನಮಗಿಂತ ಮುಂಚೆ ಬಾಡಿಗೆಗೆ ಇದ್ದವರು ಬಿಟ್ಟು ಹೋಗಿದ್ದರು ಅಂತ ಹೇಳಬಹುದಿತ್ತು. ನಿಜ ಏನಂದ್ರೆ, ಮೂರು ವರ್ಷ ನಾನೇ ಆ ಲೋಟಕ್ಕೆ ಚಹಾ ಹಾಕಿ ಕೊಟ್ಟಿದ್ದೀನಿ. ಒಂದು ದಿನವೂ ಯೋಚನೆ ಮಾಡಲಿಲ್ಲ. "ನಾವು ಕ್ರೈಸ್ತರು, ನಾವು ಭೇದ ಮಾಡೋದಿಲ್ಲ" ಅಂತ ಮಾತ್ರ ಎಲ್ಲರ ಹತ್ತಿರ ಹೇಳ್ಕೊಂಡು ಬಂದಿದ್ದೆ.

ಈಗ ನಾಲ್ಕನೇ ಅಧ್ಯಾಯಕ್ಕೆ ಬನ್ನಿ. ಮಟಮಟ ಮಧ್ಯಾಹ್ನ. ಯೇಸು ನಡೆದು ದಣಿದು ಯಾಕೋಬನ ಬಾವಿ ಹತ್ತಿರ ಕೂತಿದ್ದಾರೆ. ಶಿಷ್ಯರು ಊಟ ತರೋಕೆ ಊರೊಳಗೆ ಹೋಗಿದ್ದಾರೆ. ಒಬ್ಬ ಸಮಾರ್ಯದ ಹೆಂಗಸು ನೀರಿಗೆ ಬರ್ತಾಳೆ. ಯೇಸು ಅವಳ ಹತ್ತಿರ ನೀರು ಕೇಳ್ತಾರೆ. ಅವಳಿಗೆ ಆಶ್ಚರ್ಯ. ಯಾಕಂದ್ರೆ ಯೆಹೂದ್ಯರು ಸಮಾರ್ಯದವರ ಜೊತೆ ಬಳಕೆ ಇಟ್ಕೊಳ್ತಿರಲಿಲ್ಲ.

ಇಲ್ಲಿ ಒಂದು ಸಣ್ಣ ವಿಷಯ ಗಮನಿಸಿ. ಬಾವಿ ಆಳವಾಗಿದೆ, ಸೇದೋಕೆ ಯೇಸುವಿನ ಕೈಯಲ್ಲಿ ಏನೂ ಇಲ್ಲ. ಅದನ್ನು ಆ ಹೆಂಗಸೇ ಹೇಳ್ತಾಳೆ. ಹಾಗಾದ್ರೆ ಅವರು ನೀರು ಕುಡಿಯಬೇಕಾಗಿದ್ದು ಯಾವುದರಲ್ಲಿ? ಅವಳ ಪಾತ್ರೆಯಲ್ಲೇ! ಯೇಸು ಅವಳಿಗೆ ಉಪದೇಶ ಮಾಡೋಕೆ ಮೊದಲು, ಅವಳ ಕೈ ನೀರಿಗೆ ತಮ್ಮ ಕೈ ಚಾಚಿದರು. ನಾವಾಗಿದ್ದರೆ ಮೇಲೆ ನಿಂತು ಕೊಡ್ತಿದ್ದೆವು. ಅವರು ಕೆಳಗೆ ಕೂತು ಕೇಳಿದರು. ಕೊಡೋದು ನಮಗೆ ಸುಲಭ ಪ್ರಿಯರೇ. ದೀಪಾವಳಿಗೆ ಬೋನಸ್ ಕೊಡ್ತೀವಿ, ಹಳೇ ಬಟ್ಟೆ ಕೊಡ್ತೀವಿ. ತಗೊಳ್ಳೋದು ಕಷ್ಟ. ಅದೇ ಅಧ್ಯಾಯದ ಮುಂದಿನ ಭಾಗ ಓದಿ, ಯೇಸು ಆ ಊರಲ್ಲಿ ಎರಡು ದಿನ ಉಳಿದರು ಅಂತ ಇದೆ. ಎರಡು ದಿನ ಉಳಿದವರು ಅಲ್ಲಿಯವರ ಅನ್ನ ತಿನ್ನದೆ ಇರ್ತಾರಾ?

ಇದೇ ಅಧ್ಯಾಯ ನಮ್ಮ ನಾಡಿನಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳ ಬದುಕನ್ನು ತಿರುಗಿಸಿತು. ಪಂಡಿತಾ ರಮಾಬಾಯಿ. ಮಹಾರಾಷ್ಟ್ರದವರು ಅಂತ ಎಲ್ಲರೂ ಅಂದ್ಕೊಂಡಿದ್ದಾರೆ. ಆದರೆ ಅವರು 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿದವರು. ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ತೀರಿಹೋದರು. ರಮಾಬಾಯಿ ಅಣ್ಣನ ಜೊತೆ ಊರೂರು ನಡೆದು 1878ರಲ್ಲಿ ಕಲ್ಕತ್ತಾ ಮುಟ್ಟಿದರು. ಅಲ್ಲಿಯ ವಿದ್ವಾಂಸರು ಪಂಡಿತಾ, ಸರಸ್ವತಿ ಅಂತ ಬಿರುದು ಕೊಟ್ಟರು. ಬೇರೆ ಜಾತಿಯ ಬಂಗಾಳಿ ವಕೀಲರನ್ನು ಮದುವೆಯಾದರು. ಎರಡು ವರ್ಷಕ್ಕೆ ಗಂಡನೂ ಹೋದರು. ಕೈಯಲ್ಲಿ ಒಂದು ಹೆಣ್ಣು ಕೂಸು.

1883ರಲ್ಲಿ ಇಂಗ್ಲೆಂಡಿಗೆ ಹೋದರು. ಅಲ್ಲಿ ಲಂಡನ್ನಿನ ಫುಲಂ ಅನ್ನೋ ಕಡೆ, ಸಮಾಜ ಕೆಟ್ಟವರು ಅಂತ ದೂರ ಇಟ್ಟ ಹೆಂಗಸರನ್ನು ಕ್ರೈಸ್ತ ಸಿಸ್ಟರ್‌ಗಳು ಪ್ರೀತಿಯಿಂದ ನೋಡ್ಕೊಳ್ಳೋದನ್ನು ಕಂಡರು. ಇವರನ್ನು ನೀವು ಯಾಕೆ ಇಷ್ಟು ಪ್ರೀತಿಯಿಂದ ನೋಡ್ತೀರಿ ಅಂತ ಕೇಳಿದಾಗ, ಒಬ್ಬ ಸಿಸ್ಟರ್ ಅವರಿಗೆ ಓದಿ ಹೇಳಿದ್ದು ಈ ಸಮಾರ್ಯದ ಸ್ತ್ರೀಯ ಕಥೆ. ಅದೇ ತಮ್ಮ ಮನಸ್ಸನ್ನು ಕ್ರಿಸ್ತನ ಕಡೆ ಎಳೆಯಿತು ಅಂತ ರಮಾಬಾಯಿ ಮುಂದೆ ತಮ್ಮ ಸಾಕ್ಷಿಯಲ್ಲಿ ಬರೆದಿದ್ದಾರೆ. ಶಾಸ್ತ್ರ ಓದಿದ ಪಂಡಿತೆ ಅವರು. ಆದರೆ ಅವರನ್ನು ಹಿಡಿದು ನಿಲ್ಲಿಸಿದ್ದು ವಾದ ಅಲ್ಲ. ಮೊದಲು ಮಾದರಿ ಕಂಡಿತು, ಆಮೇಲೆ ಕಥೆ ಅರ್ಥ ಆಯಿತು.

ಆಮೇಲೆ ಅವರು ಏನು ಮಾಡಿದರು? 1889ರ ಮಾರ್ಚ್ 11ಕ್ಕೆ ಇದೇ ಮುಂಬೈಯ ಚೌಪಾಟಿ ಹತ್ತಿರ ಶಾರದಾ ಸದನ ತೆರೆದರು. ಬಾಲವಿಧವೆಯರಿಗೆ ಮನೆ ಮತ್ತು ಶಾಲೆ. ಅಲ್ಲಿ ಕಲಿತ ಮೊದಲಿಗರಲ್ಲಿ ಒಬ್ಬರಾದ ಗೋದೂಬಾಯಿ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದರು. ಶಾರದಾ ಸದನ ಮುಂದೆ ಪುಣೆಗೆ ಹೋಯಿತು. 1896-97ರ ಕ್ಷಾಮ ಬಂದಾಗ ರಮಾಬಾಯಿ ಮಧ್ಯಪ್ರಾಂತಕ್ಕೆ ತಾವೇ ಹೋಗಿ ಹಸಿದ ಹೆಣ್ಣುಮಕ್ಕಳನ್ನು ಕರ್ಕೊಂಡು ಬಂದು, ಪುಣೆ ಹತ್ತಿರದ ಕೇಡಗಾವ್‌ನಲ್ಲಿ ಮುಕ್ತಿ ಸದನದಲ್ಲಿ ಸಾಕಿದರು. ಫುಲಂನಲ್ಲಿ ಕಂಡಿದ್ದನ್ನು ಮರೀಲಿಲ್ಲ. ಅಂಥದ್ದೇ ಹೆಂಗಸರಿಗಾಗಿ ಕೃಪಾ ಸದನ ಮಾಡಿದರು. ಮಗಳು ಮನೋರಮಾ ಜೊತೆ ಸೇರಿ ಗುಲ್ಬರ್ಗಾದಲ್ಲಿ ಒಂದು ಶಾಲೆಯನ್ನೂ ತೆರೆದರು. ಗುಲ್ಬರ್ಗಾ ಅಂದ್ರೆ ಇವತ್ತಿನ ಕಲಬುರಗಿ, ನಮ್ಮ ಮನೆಗೆ ಬರುವ ಅಕ್ಕನ ಜಿಲ್ಲೆ. ಇದನ್ನು ಓದಿದ ದಿನ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟು ಕೂತೆ.

ಇಷ್ಟು ದೊಡ್ಡ ಬದುಕು ನಮ್ಮಿಂದ ಆಗುತ್ತಾ ಅಂತ ಕೇಳಬಹುದು. ಸ್ಪ್ರಿಂಟ್, ರಿಲೀಸ್, ಇಎಂಐ, ಮಕ್ಕಳ ಸ್ಕೂಲು, ಇದರ ನಡುವೆ ಸದನ ಕಟ್ಟೋಕೆ ಎಲ್ಲಿ ಆಗುತ್ತೆ? ಆಗೋದಿಲ್ಲ. ಕರ್ತನು ಎಲ್ಲರನ್ನೂ ಅದಕ್ಕೆ ಕರೆದೂ ಇಲ್ಲ. ಆದರೆ ಆ ಬಾವಿ ಪ್ರತಿಯೊಬ್ಬರ ಮನೆಯಲ್ಲೂ ಇದೆ.

ನಮ್ಮ ಸೊಸೈಟಿಯಲ್ಲಿ ಏನಾಯಿತು ಅಂತ ಹೇಳಿಬಿಡ್ತೀನಿ. ಹಿಂದಿನ ವರ್ಷದ ಮೀಟಿಂಗಿನಲ್ಲಿ ಒಂದು ನಿಯಮ ಬಂತು. ಮನೆಕೆಲಸದವರು, ಡೆಲಿವರಿ ಹುಡುಗರು ಸರ್ವಿಸ್ ಲಿಫ್ಟ್ ಮಾತ್ರ ಬಳಸಬೇಕು. ಎಲ್ಲರೂ ಕೈ ಎತ್ತಿದರು, ನಾನೂ ಎತ್ತಿದೆ. ಮನೆಗೆ ಬೇಗ ಹೋಗೋ ಆತುರ ನನಗೆ. ಮಳೆಗಾಲದಲ್ಲಿ ಸರ್ವಿಸ್ ಲಿಫ್ಟ್ ಕೆಟ್ಟು ನಿಂತಿತು. ಅಕ್ಕ ಹನ್ನೊಂದು ಮಹಡಿ ಹತ್ತಿ ಬಂದರು. ಅವರಿಗೆ ಮೊಣಕಾಲು ನೋವಿದೆ. "ವಾಚ್‌ಮನ್ ಬಿಡಲಿಲ್ರಿ" ಅಂದರು, ಅಷ್ಟೇ. ದೂರು ಹೇಳಲಿಲ್ಲ. ನಾನು ಎತ್ತಿದ ಕೈ ಅವರ ಮೊಣಕಾಲಿನ ಮೇಲೆ ಬಿದ್ದಿತ್ತು.

ಅವತ್ತು ರಾತ್ರಿ ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ, ಹೋದ ಸಲ ನಾನು ಕೈ ಎತ್ತಿದ್ದು ತಪ್ಪು, ಈ ನಿಯಮ ತೆಗೀಬೇಕು ಅಂತ ಬರೆದೆ. ಮೆಸೇಜ್ ಕಳಿಸೋಕೆ ಅರ್ಧ ಗಂಟೆ ಹಿಡೀತು. ಇಬ್ಬರು ಬೆಂಬಲಿಸಿದರು. ಕೆಲವರು ಮಾತು ಬಿಟ್ಟರು. ನಿಯಮ ಇನ್ನೂ ಪೂರ್ತಿ ಹೋಗಿಲ್ಲ. ಒಂದು ಲಿಫ್ಟ್ ಕೆಟ್ಟರೆ ಯಾರು ಬೇಕಾದರೂ ಇನ್ನೊಂದು ಬಳಸಬಹುದು ಅಂತ ಆಗಿದೆ. ಜಯ ಅಂತ ಹೇಳೋಕೆ ಇದು ಬಹಳ ಸಣ್ಣದು. ಮುಂದಿನ ಮೀಟಿಂಗಿಗೆ ಮತ್ತೆ ಕೇಳಬೇಕು.

ಲೋಟದ ವಿಷಯ? ಆ ಸ್ಟೀಲ್ ಲೋಟ ಈಗ ನಮ್ಮ ಎಲ್ಲ ಲೋಟಗಳ ಜೊತೆ ಅದೇ ಸ್ಟ್ಯಾಂಡಿನಲ್ಲಿದೆ. ಯಾರ ಕೈಗೆ ಸಿಗುತ್ತೋ ಅವರು ಕುಡೀತಾರೆ. ಅಕ್ಕ ಮೊದಲ ವಾರ ಹುಡುಕಿ ಅದನ್ನೇ ತಗೊಳ್ತಿದ್ದರು. ಅಭ್ಯಾಸ ಬೇಗ ಹೋಗೋದಿಲ್ಲ, ಅವರಿಗೂ ನನಗೂ. ಹೋದ ತಿಂಗಳು ಅವರು ಊರಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದರು. ಕೊಡೋಕೆ ಹಿಂದೆ ಮುಂದೆ ನೋಡ್ತಾ ನಿಂತಿದ್ದರು. ನಾನೇ ಕೈ ಚಾಚಿ ಕೇಳಿ ತಗೊಂಡೆ. ಇಬ್ಬರೂ ಒಂದೇ ಟೇಬಲ್‌ಗೆ ಕೂತು ತಿಂದೆವು.

ಈ ವಾರ ನೀವು ಮೂರು ಕೆಲಸ ಮಾಡಿ. ಒಂದು, ನಿಮ್ಮ ಅಡುಗೆಮನೆಯಲ್ಲಿ ಸಿಂಕ್ ಕೆಳಗೆ ಬಗ್ಗಿ ನೋಡಿ. ಎರಡು, ನಿಮ್ಮ ಮನೆಗೆ, ಆಫೀಸಿಗೆ ದಿನಾ ಬರುವವರಲ್ಲಿ ನೀವು ಹೆಸರು ಕೇಳದೇ ಇರುವ ಒಬ್ಬರ ಹೆಸರು ಕೇಳಿ, ನೆನಪಿಟ್ಟುಕೊಳ್ಳಿ. ಮೂರು, ಅವರು ಏನಾದರೂ ಕೊಟ್ಟರೆ ಬೇಡ ಅನ್ನಬೇಡಿ.

ಪ್ರಾರ್ಥನೆ ಮಾಡೋಣ. ಕರ್ತನೇ, ದಣಿದು ಬಾವಿಯ ಹತ್ತಿರ ಕೂತು ನೀರು ಕೇಳಿದವನೇ, ನಾವು ಕಾಣದೇ ಹೋದವರನ್ನು ಕಾಣುವ ಹಾಗೆ ಮಾಡು. ನಾವು ಎತ್ತಬಾರದಿದ್ದ ಕಡೆ ಎತ್ತಿದ ಕೈಗಳನ್ನು ಕ್ಷಮಿಸು. ನಾಳೆ ಬೆಳಿಗ್ಗೆ ನಮ್ಮ ಬಾಗಿಲು ತಟ್ಟುವವರಲ್ಲಿ ನಿನ್ನನ್ನು ಗುರುತಿಸುವ ಕಣ್ಣು ಕೊಡು. ಆಮೆನ್.

ಮುಂದಿನ ವಾರ ಸಿಗೋಣ. ದೇವರು ನಿಮ್ಮನ್ನು ಆಶೀರ್ವದಿಸಲಿ.