ಲೇತ್ ತಗೊಳ್ಳೋ ಮುಂಚೆ ಪಾರ್ಟ್ ಯಾವುದು ಅಂತ ಹೇಳಿ

ಹೋದ ವಾರ ಗೋಣಿಕೊಪ್ಪದಿಂದ ಒಬ್ಬ ಕೇಳುಗರು ನಾಲ್ಕು ನಿಮಿಷದ ವಾಯ್ಸ್ ನೋಟ್ ಕಳಿಸಿದ್ರು. ಮನೇಲಿ ತಾತನ ಕಾಲದ ಕೋವಿ ಇದೆ, ಅದರ ಒಂದು ಸ್ಕ್ರೂ ಸವೆದುಹೋಗಿದೆ. ಅಮೆರಿಕದವರು ಗ್ಯಾರೇಜ್‌ನಲ್ಲಿ ಸಣ್ಣ ಲೇತ್, ಸಣ್ಣ ಮಿಲ್ಲಿಂಗ್ ಮಷೀನ್ ಇಟ್ಕೊಂಡು ಬಂದೂಕಿನ ಕೆಲಸ ಮಾಡೋ ವೀಡಿಯೊ ನೋಡಿ ಇವರಿಗೂ ಆಸೆ ಬಂದಿದೆ. ಒಂದೂವರೆ ಲಕ್ಷ ಕೂಡಿಟ್ಟಿದ್ದಾರೆ. ಯಾವ ಮಷೀನ್ ತಗೊಳ್ಲಿ ಅನ್ನೋದು ಪ್ರಶ್ನೆ.

ಮೊದಲು ಕೋವಿ ವಿಷಯ ಮುಗಿಸಿಬಿಡೋಣ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 3 ಮತ್ತು 4ರಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನ 2029ರವರೆಗೆ ವಿಸ್ತರಿಸಿದ್ದಾರೆ. ಕೈಲ್ ಮುಹೂರ್ತದ ದಿನ ಕೋವಿಗೆ ಪೂಜೆ ಮಾಡೋ ಮನೆಗಳಿಗೆ ಇದನ್ನ ನಾನು ಹೇಳಬೇಕಾಗಿಲ್ಲ. ಆದರೆ ಆ ವಿನಾಯಿತಿ ಇಟ್ಟುಕೊಳ್ಳೋದಕ್ಕೆ, ಒಯ್ಯೋದಕ್ಕೆ ಅಷ್ಟೇ. ತಯಾರಿಸೋದು, ಮಾರ್ಪಡಿಸೋದು, ರಿಪೇರಿ ಮಾಡೋದು ಬರೋದು ಸೆಕ್ಷನ್ 5ರಲ್ಲಿ. ಅದಕ್ಕೆ ಬೇರೆಯದೇ ಲೈಸೆನ್ಸ್ ಬೇಕು. ಇಲ್ಲದೆ ಮಾಡಿದ್ರೆ, 2019ರ ತಿದ್ದುಪಡಿ ಆದಮೇಲೆ, ಕನಿಷ್ಠ 7 ವರ್ಷ ಜೈಲು, ಗರಿಷ್ಠ ಜೀವಾವಧಿ. 'ಕಾಯ್ದೆ' ಅಂದ್ರೆ 1959ರ ಶಸ್ತ್ರಾಸ್ತ್ರ ಕಾಯ್ದೆ. ಹಾಗಾಗಿ ಆ ಸ್ಕ್ರೂ ಲೈಸೆನ್ಸ್ ಇರೋ ರಿಪೇರಿಯವರ ಕೈಗೇ ಹೋಗಬೇಕು. ಇದರಲ್ಲಿ ಚೌಕಾಸಿ ಇಲ್ಲ.

ಹಾಗಾದ್ರೆ ಲೇತ್ ಆಸೆ ಬಿಡಬೇಕಾ? ಬೇಡ. ಅದೇ ವಾಯ್ಸ್ ನೋಟ್‌ನ ಕೊನೇಲಿ ಅವರು ಇನ್ನೊಂದು ಮಾತು ಹೇಳಿದ್ರು: ತೋಟದಲ್ಲಿ ಕಾಫಿ ಪಲ್ಪರ್ ಇದೆ, ಕಳೆ ಕತ್ತರಿಸೋ ಮಷೀನ್ ಇದೆ, ಸ್ಪ್ರೇಯರ್ ಪಂಪ್ ಇದೆ, ಒಂದಲ್ಲ ಒಂದು ಬುಷ್ ಸವೆದು ಟೌನ್‌ಗೆ ಓಡಬೇಕು ಅಂತ. ನನಗೆ ನಿಜವಾದ ಪ್ರಶ್ನೆ ಕಂಡಿದ್ದು ಅಲ್ಲಿ.

ಯಾಕೆ ಅಂದ್ರೆ, ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಸ್ವಂತ ಬಳಕೆಗೆ ಬಂದೂಕು ಮಾಡ್ಕೊಳ್ಳೋಕೆ ಸಾಮಾನ್ಯವಾಗಿ ಲೈಸೆನ್ಸ್ ಬೇಡ. ಕೆಲವು ರಾಜ್ಯಗಳಲ್ಲಿ ಮಾತ್ರ ನಿಯಮ ಬಿಗಿ. ಹಾಗಾಗಿ ಅಲ್ಲಿನ ಹವ್ಯಾಸಿಗಳಲ್ಲಿ ಆ ಕೆಲಸ ಮಾಡೋರು ಬಹಳ. ಬಂದೂಕಿನ ನಳಿಗೆ ಉದ್ದ ಇರುತ್ತೆ, ಅದು ಲೇತ್‌ನ ಹೆಡ್‌ಸ್ಟಾಕ್ ಒಳಗಿಂದ ತೂರಿ ಹೋಗಬೇಕು. ಅದಕ್ಕೇ ಅವರು ಸ್ಪಿಂಡಲ್ ತೂತು ದೊಡ್ಡದಿರಲಿ, ಹೆಡ್‌ಸ್ಟಾಕ್ ಗಿಡ್ಡ ಇರಲಿ ಅಂತ ಅಷ್ಟೊಂದು ಬಡ್ಕೊಳ್ಳೋದು. ಆ ಸಲಹೆ ಅವರಿಗೆ ಸರಿ. ನಮಗೆ ಬೇಕಿರೋದು ಬೆರಳುದ್ದದ ಕಂಚಿನ ಬುಷ್. ಅದಕ್ಕೆ ದೊಡ್ಡ ತೂತಿನ ಲೇತ್ ತಗೊಂಡ್ರೆ, ಮಗುವನ್ನ ಶಾಲೆಗೆ ಬಿಡೋಕೆ ಲಾರಿ ತಗೊಂಡ ಹಾಗೆ.

ನನ್ನ ಕಥೆ ಕೇಳಿ. ನಾನು ಬಿಕಾಂ. ಮನೆಯ ಹಳೇ ಟೇಬಲ್ ಫ್ಯಾನ್‌ನ ಬುಷ್ ಸವೆದು ಕಿರ್ರ್ ಅಂತಿತ್ತು, ಅದೇ ನೆಪ. ಎಕ್ಸೆಲ್ ಶೀಟ್ ಮಾಡಿದೆ. ಅದರಲ್ಲಿ ಇದ್ದಿದ್ದು ಒಂದೇ ಸಾಲು: ಮಿನಿ ಲೇತ್, 82,000. ಮಷೀನ್ ಬಂತು, ನಾಲ್ಕು ತಿಂಗಳು ಸುಮ್ನೆ ಕೂತಿತ್ತು! ಟೂಲ್ ಬಿಟ್ ಇಲ್ಲ, ಅದನ್ನ ಸಾಣೆ ಹಿಡಿಯೋ ಗ್ರೈಂಡರ್ ಇಲ್ಲ, ಡ್ರಿಲ್ ಚಕ್ ಇಲ್ಲ, ಫೋರ್-ಜಾ ಚಕ್ ಇಲ್ಲ, ಡಯಲ್ ಇಂಡಿಕೇಟರ್ ಇಲ್ಲ, ರೀಮರ್ ಇಲ್ಲ, ಮೈಕ್ರೋಮೀಟರ್ ಅಂತೂ ಇಲ್ಲವೇ ಇಲ್ಲ. ಒಂದೊಂದಾಗಿ ತರೋ ಹೊತ್ತಿಗೆ ಇನ್ನೂ 41,000 ಹೋಯ್ತು. ಲೆಕ್ಕ ಓದಿದವನೇ ಲೆಕ್ಕ ತಪ್ಪಿದೆ. ಅದಕ್ಕೇ ಹೇಳ್ತೀನಿ, ಒಂದೂವರೆ ಲಕ್ಷ ಇದ್ರೆ ಮಷೀನ್‌ಗೆ 90,000ಕ್ಕಿಂತ ಮೇಲೆ ಹೋಗಬೇಡಿ. ರೇಟ್ ಕೇಳುವಾಗ ಜಿಎಸ್‌ಟಿ, ಸಾಗಣೆ ಸೇರಿಸಿ ಕೇಳಿ.

ಆ ದುಡ್ಡಿಗೆ ಬರೋದು ಸಾಮಾನ್ಯವಾಗಿ 180 ಮಿ.ಮೀ. ಸ್ವಿಂಗ್, 300ರಿಂದ 350 ಮಿ.ಮೀ. ಉದ್ದದ ಮಿನಿ ಲೇತ್. ತೂಕ ಸುಮಾರು 40 ಕೆ.ಜಿ. ಇಬ್ಬರು ಎತ್ತಬಹುದು, ಮನೆಯ 230 ವೋಲ್ಟ್ ಪ್ಲಗ್‌ನಲ್ಲೇ ಓಡುತ್ತೆ. ಜಾಹೀರಾತಿನಲ್ಲಿ ಮೋಟಾರ್ ವ್ಯಾಟ್ ದಪ್ಪ ಅಕ್ಷರದಲ್ಲಿ ಹಾಕಿರ್ತಾರೆ. ನೀವು ಮೊದಲು ತೂಕ ನೋಡಿ. ಟೂಲ್ ಲೋಹವನ್ನ ಒತ್ತುವಾಗ ಲೋಹವೂ ಟೂಲನ್ನ ವಾಪಸ್ ಒತ್ತುತ್ತೆ. ಮಷೀನ್ ಹಗುರ ಇದ್ರೆ ಕೂದಲೆಳೆಯಷ್ಟು ಬಾಗುತ್ತೆ, ಬಿಡುತ್ತೆ, ಮತ್ತೆ ಬಾಗುತ್ತೆ. ಅದೇ ಆ ಕಿಟಿಕಿಟಿ ಶಬ್ದ, ಪಾರ್ಟ್ ಮೇಲೆ ಅಲೆಅಲೆ ಗೆರೆ. ಹಿತ್ತಾಳೆ, ಅಲ್ಯೂಮಿನಿಯಂ ಬೆಣ್ಣೆ ಥರ ಬರುತ್ತೆ. ಉಕ್ಕಿನಲ್ಲಿ ಒಂದು ಸಲಕ್ಕೆ ಕಾಲು ಮಿ.ಮೀ. ಆಳ ತೆಗೆದು ಸಮಾಧಾನ ಪಡಬೇಕು. ಪಾರ್ಟಿಂಗ್, ಅಂದ್ರೆ ತುಂಡನ್ನ ಕತ್ತರಿಸಿ ಬೇರೆ ಮಾಡೋ ಕೆಲಸ, ಅದರಲ್ಲಿ ಈ ಸಣ್ಣ ಮಷೀನ್‌ಗಳ ಬಂಡವಾಳ ಬಯಲಾಗುತ್ತೆ. ನನ್ನದು ಪ್ಲೈವುಡ್ ಟೇಬಲ್ ಮೇಲಿತ್ತು. ಆಂಗಲ್ ಐರನ್ ಸ್ಟ್ಯಾಂಡ್ ಮಾಡಿಸಿ ಬೋಲ್ಟ್ ಹಾಕಿದ ಮೇಲೆ ಅರ್ಧ ನಡುಕ ನಿಂತಿತು.

ಮಿಲ್ಲಿಂಗ್ ಮಷೀನ್ ಈಗಲೇ ಬೇಡ ಅನ್ನೋದು ನನ್ನ ಅಭಿಪ್ರಾಯ. ದುಂಡಗಿನ ಪಾರ್ಟ್‌ಗೆ ಲೇತ್ ಸಾಕು. ಮಿಲ್ ಬೇಕಾಗೋದು ಚಪ್ಪಟೆ ಮುಖಕ್ಕೆ, ಕೀ ಕೂರೋ ಗಾಡಿಗೆ. ಅಪರೂಪಕ್ಕೆ ಬೇಕಾದ್ರೆ ಲೇತ್ ಮೇಲೇ ಕೂರಿಸೋ ವರ್ಟಿಕಲ್ ಸ್ಲೈಡ್ ಸಿಗುತ್ತೆ, ನಿಧಾನ, ಆದರೆ ಕೆಲಸ ಆಗುತ್ತೆ. ಲೇತ್, ಮಿಲ್, ಡ್ರಿಲ್ ಮೂರೂ ಒಂದರಲ್ಲೇ ಅಂತ ಮಾರೋ ಮಷೀನ್ ನನಗೆ ಇಷ್ಟವಾಗಿಲ್ಲ. ಒಂದು ಕೆಲಸಕ್ಕೆ ಜೋಡಿಸಿದ್ದನ್ನ ಇನ್ನೊಂದಕ್ಕೆ ಬಿಚ್ಚಬೇಕು, ಅರ್ಧ ಭಾನುವಾರ ಅದಕ್ಕೇ. ಇನ್ನು, ಡ್ರಿಲ್ಲಿಂಗ್ ಮಷೀನ್‌ಗೆ ಮಿಲ್ಲಿಂಗ್ ಕಟರ್ ಹಾಕಬೇಡಿ, ದಯವಿಟ್ಟು. ಅದರ ಚಕ್ ಬರೀ ಟೇಪರ್ ಹಿಡಿತದಲ್ಲಿ ಕೂತಿರುತ್ತೆ, ಪಕ್ಕದಿಂದ ಒತ್ತಡ ಬಿದ್ರೆ ತಿರುಗ್ತಾ ಇರುವಾಗಲೇ ಕಳಚಿ ಬೀಳಬಹುದು.

ಸೆಕೆಂಡ್ ಹ್ಯಾಂಡ್ ದೊಡ್ಡ ಲೇತ್ ಇನ್ನೊಂದು ದಾರಿ. ತೋಟದ ಶೆಡ್‌ನಲ್ಲಿ ಕಾಂಕ್ರೀಟ್ ನೆಲ ಇದ್ರೆ ನಾನು ಅದನ್ನೇ ಹೇಳ್ತೀನಿ. ನೂರಾರು ಕೆ.ಜಿ. ಎರಕದ ಕಬ್ಬಿಣ, ಅಲುಗಲ್ಲ. ಬಾಡಿಗೆ ಮನೆಯ ಎರಡನೇ ಮಹಡಿಯವರು ಮರೆತುಬಿಡಿ. ನೋಡೋಕೆ ಹೋದಾಗ ಹೊಸ ಪೇಂಟ್‌ಗೆ ಮರುಳಾಗಬೇಡಿ. ಕ್ಯಾರೇಜನ್ನ ಚಕ್ ಹತ್ತಿರ ತಂದು ಅಲುಗಾಡ್ಸಿ. ಸಡಿಲ ಇದ್ರೆ ಅಲ್ಲೇ ಅಡ್ಜಸ್ಟ್‌ಮೆಂಟ್ ಬಿಗಿ ಮಾಡಿಸಿ, ಆಮೇಲೆ ಇನ್ನೊಂದು ತುದಿಗೆ ತಳ್ಳಿ. ಅಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡ್ರೆ ಬೆಡ್ ಸವೆದಿದೆ ಅಂತ ಅರ್ಥ, ಯಾಕಂದ್ರೆ ಕೆಲಸ ಎಲ್ಲ ನಡೆದಿರೋದು ಚಕ್ ಹತ್ತಿರವೇ. ಸ್ಪಿಂಡಲ್‌ನ ಒಳ ಟೇಪರ್‌ಗೆ ಡಯಲ್ ಇಂಡಿಕೇಟರ್ ಇಟ್ಟು ಕೈಯಲ್ಲಿ ತಿರುಗಿಸಿ, ಮುಳ್ಳು ಎಷ್ಟು ಓಡಾಡುತ್ತೆ ನೋಡಿ. ಮೋಟಾರ್ ತ್ರೀ ಫೇಸ್ ಆಗಿದ್ರೆ ಶೆಡ್‌ಗೆ ಆ ಲೈನ್ ಇದೆಯಾ ಅಂತ ಮೊದಲೇ ಕೇಳ್ಕೊಳ್ಳಿ.

ಈಗ ಹೇಳೋಕೆ ನಾಚಿಕೆ ಆಗೋ ವಿಷಯ. ಮಿನಿ ಲೇತ್‌ನ ಚಕ್ ಮೇಲೆ ಒಂದು ಪ್ಲಾಸ್ಟಿಕ್ ಗಾರ್ಡ್ ಬರುತ್ತೆ, ಅದು ಮುಚ್ಚದಿದ್ರೆ ಮೋಟಾರ್ ಓಡಲ್ಲ. ಅಡ್ಡ ಬರುತ್ತೆ ಅಂತ ನಾನು ಅದನ್ನ ಬಿಚ್ಚಿ, ಸ್ವಿಚ್‌ಗೆ ವೈರ್ ಸುತ್ತಿಬಿಟ್ಟಿದ್ದೆ. ಒಂದು ರಾತ್ರಿ ಚಕ್ ಕೀ ತೆಗೆಯೋದು ಮರೆತು ಆನ್ ಮಾಡಿದೆ. ಕೀ ಹಾರಿ ಬೀರುವಿನ ಬಾಗಿಲಿಗೆ ಬಡಿದು ಗುಳಿ ಬಿತ್ತು. ಅಮ್ಮ ಕಾಫಿ ಹಿಡ್ಕೊಂಡು ಅದೇ ಬಾಗಿಲಿಂದ ಎರಡು ಹೆಜ್ಜೆ ಈಚೆ ನಿಂತಿದ್ರು. ಅವರು ಏನೂ ಬೈಯಲಿಲ್ಲ, ಲೋಟ ಇಟ್ಟು ಹೋದ್ರು. ಮಾರನೇ ದಿನ ಗಾರ್ಡ್ ವಾಪಸ್ ಹಾಕಿದೆ. ಈಗ ಕೀ ಚಕ್‌ನಲ್ಲಿ ಇರೋವರೆಗೂ ಕೈ ಅದರ ಮೇಲೇ ಇರುತ್ತೆ. ಗ್ಲೌಸ್ ಹಾಕ್ಕೊಂಡು, ತುಂಬು ತೋಳಿನ ಅಂಗಿ ಬಿಟ್ಟುಕೊಂಡು ಲೇತ್ ಹತ್ತಿರ ಹೋಗಬೇಡಿ. ಕನ್ನಡಕ ಕಡ್ಡಾಯ. ಸುರುಳಿ ಸುರುಳಿ ಬರೋ ಚೂರನ್ನ ಕೈಯಲ್ಲಿ ಎಳೀಬೇಡಿ, ಅದು ಬ್ಲೇಡ್.

ಗೋಣಿಕೊಪ್ಪದವರಿಗೆ ನನ್ನ ಉತ್ತರ ಇಷ್ಟು: ದುಡ್ಡು ಬ್ಯಾಂಕ್‌ನಲ್ಲೇ ಇರಲಿ. ಈ ಸೀಸನ್‌ನಲ್ಲಿ ಯಾವ್ಯಾವ ಪಾರ್ಟ್ ಸವೆಯುತ್ತೋ ಅದರ ವ್ಯಾಸ, ಉದ್ದ, ಯಾವ ಲೋಹ, ಟರ್ನರ್ ಎಷ್ಟು ತಗೊಂಡ್ರು, ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೀರಿ. ಆ ಟರ್ನರ್ ಒಪ್ಪಿದ್ರೆ ಪಕ್ಕದಲ್ಲಿ ನಿಂತು ನಾಲ್ಕು ದಿನ ನೋಡಿ. ಪಟ್ಟಿಯಲ್ಲಿ ಐದೇ ಐದು ಬುಷ್ ಇದ್ರೆ ಅವರ ಹತ್ತಿರವೇ ಮಾಡಿಸೋದು ಅಗ್ಗ. ಐವತ್ತಿದ್ರೆ ಆ ಪಟ್ಟಿ ನನಗೆ ಕಳಿಸಿ, ಸೈಜ್ ಇಬ್ಬರೂ ಕೂತು ನೋಡೋಣ.

ಅಂದಹಾಗೆ ನಮ್ಮ ಫ್ಯಾನ್ ಈಗ ಓಡ್ತಿದೆ. ಎರಡು ಬುಷ್ ಹಾಳು ಮಾಡಿದೆ, ಮೂರನೆಯದು ಕೂತಿತು. ಮುಂದಿನ ವಾರ ಟೂಲ್ ಬಿಟ್ ಸಾಣೆ ಹಿಡಿಯೋದರ ಬಗ್ಗೆ. ವಾಯ್ಸ್ ನೋಟ್ ಕಳಿಸ್ತಾ ಇರಿ, ಎರಡು ನಿಮಿಷದೊಳಗೆ ಇದ್ರೆ ಇನ್ನೂ ಖುಷಿ.