ಹಕ್ಕಿಗೆ ಬೈಯುವ ಮೊದಲು ಪೆಟ್ಟಿಗೆಯ ಬಿರುಕು ನೋಡಿ

(ಜೇನು ಸಾಕುವ ರೈತರ ಸಭೆಯೊಂದರಲ್ಲಿ ಆಡಿದ ಮಾತು)



ಜೇನಿನ ವಿಷಯ ಮಾತಾಡಿ ಅಂದ ಕೂಡಲೇ ನಿಮ್ಮಿಂದ ಬಂದ ಮೊದಲ ದೂರು ಹಕ್ಕಿಗಳದ್ದು. ಕಳ್ಳಿಪೀರ ತಂತಿಯ ಮೇಲೆ ಸಾಲಾಗಿ ಕೂತು, ಪೆಟ್ಟಿಗೆಯಿಂದ ಹೊರಟ ನೊಣಗಳನ್ನು ಒಂದೊಂದಾಗಿ ಗುಳುಂ ಮಾಡುತ್ತೆ, ಕಾಜಾಣವೂ ಜೊತೆಗೂಡುತ್ತೆ ಅಂತ. ದೂರು ಸುಳ್ಳಲ್ಲ. ಆದರೆ ನಾನೊಂದು ಮಾತು ಕೇಳುತ್ತೇನೆ. ಕಳೆದ ಮಳೆಗಾಲದಲ್ಲಿ ಖಾಲಿಯಾದ ನಿಮ್ಮ ಪೆಟ್ಟಿಗೆಯನ್ನು ಬಿಚ್ಚಿ ನೋಡಿದಿರಾ? ಒಳಗೆ ಏನಿತ್ತು? ಜೇಡನ ಬಲೆಯಂಥ ನೂಲು, ಕರೀ ಹಿಕ್ಕೆ, ಪುಡಿಪುಡಿಯಾದ ಎರಿ. ಇದು ಹಕ್ಕಿಯ ಕೆಲಸವೇ? ಅಲ್ಲ, ಮೇಣದ ಹುಳುವಿನ ಕೆಲಸ. ಆ ಹುಳುವಿಗೆ ಬಾಗಿಲು ತೆರೆದುಕೊಟ್ಟವರು ನಾವೇ.

ನಾನೂ ಹಾಗೆ ಮಾಡಿದವನೇ. ಸಾಲ ತೆಗೆದು ಹತ್ತು ಪೆಟ್ಟಿಗೆ ತಂದೆ. ಅಗ್ಗದ ಹಸಿ ಮರದ್ದು, ಮೊದಲ ಬೇಸಿಗೆಗೇ ಸಂದು ಬಿಟ್ಟವು. ತುಪ್ಪಕ್ಕೆ ಕೊಳ್ಳುವವನು ಹೇಳಿದ್ದೇ ಬೆಲೆ, ಕಂತಿನ ತಾರೀಖು ಬೇರೆ ಹತ್ತಿರ. ಮೇ ಕೊನೆಯಲ್ಲಿ ಸಂಸಾರ ಕೋಣೆಯ ಎರಿಯನ್ನೂ ಬಿಡದೆ ಹಿಂಡಿದೆ. ಮಳೆ ಹಿಡಿಯಿತು. ಹೂವಿಲ್ಲ, ಒಳಗೆ ತುಪ್ಪವಿಲ್ಲ, ಸಕ್ಕರೆ ಕೊಡಲು ಕೈಯಲ್ಲಿ ಕಾಸಿಲ್ಲ. ಆಗಸ್ಟಿಗೆ ಏಳು ಪೆಟ್ಟಿಗೆ ಖಾಲಿ. ಜೇನು ಹಾರಿ ಹೋಯ್ತು ಅಂತ ಕಂತು ನಿಲ್ಲುತ್ತದೆಯೇ ಸ್ವಾಮಿ? ಅಡಿಕೆ ಮಾರಿ ಕಟ್ಟಿದೆ.

ಈ ಹುಳುವಿನ ಬದುಕನ್ನು ಸ್ವಲ್ಪ ತಿಳಿದುಕೊಳ್ಳಿ. ಬೂದು ಬಣ್ಣದ ಪತಂಗ ರಾತ್ರಿ ಹೊತ್ತು ಬರುತ್ತದೆ. ಹಲಗೆಯ ಬಿರುಕಿನಲ್ಲಿ, ಅಡಿಮಣೆಯ ಕಸದಲ್ಲಿ ಒಂದೊಂದು ಹೆಣ್ಣು 300ಕ್ಕೂ ಹೆಚ್ಚು ತತ್ತಿ ಇಡುತ್ತದೆ. ಮರಿಗಳು ಎರಿಗೆ ಸುರಂಗ ಕೊರೆದು, ನೂಲು ಬಿಡುತ್ತ ತಿಂದು ಸಾಗುತ್ತವೆ. ಹಳೇ ಕಪ್ಪು ಎರಿ ಕಂಡರೆ ಅವಕ್ಕೆ ಹಬ್ಬ. ನೊಣ ಕಿಕ್ಕಿರಿದಿರುವ ಪೆಟ್ಟಿಗೆಯಲ್ಲಿ ಮಾತ್ರ ಇವುಗಳ ಆಟ ನಡೆಯದು. ನೊಣಗಳೇ ಮರಿಯನ್ನು ಕಚ್ಚಿ ಹೊರಗೆಸೆಯುತ್ತವೆ. ಹಸಿದು ಸೊರಗಿದ ಕುಟುಂಬದ ಕೈಯಲ್ಲಿ ಅದಾಗದು, ಗೂಡು ಬಿಟ್ಟು ಹಾರಿಬಿಡುತ್ತದೆ.

ಇನ್ನೊಂದು ಸಂಗತಿ. ಮೆಲ್ಲಿಫೆರಾ ಅಂತ ಹೊರಗಿನಿಂದ ಬಂದ ಜೇನಿದೆಯಲ್ಲ, ಅದು ಮರದ ಅಂಟು ತಂದು ಸಂದುಗೊಂದಿಗೆ ತಾನೇ ಗಾರೆ ಮಾಡಿಕೊಳ್ಳುತ್ತದೆ. ನಮ್ಮ ತುಡುವೆ ಆ ಅಂಟು ತರುವುದಿಲ್ಲ. ಅದರ ಮನೆಯ ಬಿರುಕನ್ನು ನೀವೇ ಮುಚ್ಚಬೇಕು. ಹೊರಗಡೆ ಸಗಣಿ ಮಣ್ಣು ಮೆತ್ತಿದರೂ ನಡೆಯುತ್ತದೆ, ಒಳಗಡೆ ಕರಗಿಸಿದ ಶುದ್ಧ ಮೇಣ ಎರೆಯಿರಿ. ಬಣ್ಣ ಹಚ್ಚುವುದಾದರೆ ಹೊರಮೈಗೆ ಮಾತ್ರ. ಕೊಳೆತ ಹಲಗೆಗೆ ಪೆಟ್ಟಿಗೆಯನ್ನೇ ಎಸೆಯಬೇಡಿ. ಒಣಗಿದ ಹಲಸಿನದೋ ಸಾಗುವಾನಿಯದೋ ತುಂಡು ನಿಮ್ಮ ಅಟ್ಟದಲ್ಲೇ ಇರುತ್ತದೆ, ಆ ಒಂದು ಪಕ್ಕ ಬದಲಾಯಿಸಿ. ಹೊಸ ಪೆಟ್ಟಿಗೆಗೆ ಹೊಸ ಸಾಲ ಬೇಡ. ಅಳತೆ ಮಾತ್ರ ಕೂದಲೆಳೆ ತಪ್ಪದಂತೆ ಹಳೆಯದ್ದೇ ಇರಲಿ, ಇಲ್ಲದಿದ್ದರೆ ಚೌಕಟ್ಟು ಕೂರುವುದಿಲ್ಲ.

ಎಂಟು ಹತ್ತು ದಿನಕ್ಕೊಮ್ಮೆ ಅಡಿಮಣೆ ತೆಗೆದು ಕೆರೆದು, ಆ ಕಸವನ್ನು ಸುಡಿ. ಪೆಟ್ಟಿಗೆಯ ಬುಡದಲ್ಲೇ ಕೊಡವುವವರಿದ್ದಾರೆ. ಹುಳು ಅಲ್ಲಿಂದಲೇ ವಾಪಸು ಬರುತ್ತದೆ. ನೊಣ ಮುಚ್ಚದ ಎರಿಗಳನ್ನು ಮಳೆಗಾಲಕ್ಕೆ ಮುಂಚೆಯೇ ಹೊರತೆಗೆಯಿರಿ. ಹಳೆಯದನ್ನು ಕರಗಿಸಿ ಮೇಣ ಮಾಡಿ, ಅದಕ್ಕೂ ಬೆಲೆಯಿದೆ. ಒಳ್ಳೆಯ ಖಾಲಿ ಎರಿಯನ್ನು ಬಿಗಿಯಾದ ಡಬ್ಬದಲ್ಲಿಟ್ಟು ಗಂಧಕದ ಹೊಗೆ ಕೊಡಿ. ಹೊಗೆಗೆ ತತ್ತಿ ಸಾಯದು, ಎರಡು ವಾರ ಬಿಟ್ಟು ಮತ್ತೆ ಕೊಡಬೇಕು. ನೊಣವಿರುವ ಪೆಟ್ಟಿಗೆಗೆ ಗಂಧಕ ತೋರಿಸಲೇಬೇಡಿ. ಸಂಸಾರ ಕೋಣೆಯ ತುಪ್ಪ ಅವುಗಳದು, ಬಿಟ್ಟುಬಿಡಿ. ಅದೂ ಸಾಲದಾದರೆ ಒಂದು ಕಿಲೋ ಸಕ್ಕರೆಗೆ ಒಂದು ಲೀಟರು ನೀರಿನ ಪಾಕವನ್ನು ಸಂಜೆ ಹೊತ್ತು ಪೆಟ್ಟಿಗೆಯೊಳಗೇ ಇಡಿ. ಹಗಲಲ್ಲಿ ಇಟ್ಟರೆ ಪಕ್ಕದ ಪೆಟ್ಟಿಗೆಯ ನೊಣ ಬಂದು ದರೋಡೆ ಮಾಡುತ್ತೆ.

ಇರುವೆಯ ಉಪಾಯ ನಿಮಗೆ ಗೊತ್ತೇ ಇದೆ, ಸ್ಟ್ಯಾಂಡಿನ ಕಾಲನ್ನು ನೀರಿನ ಬಟ್ಟಲಲ್ಲಿ ಇಡುವುದು. ಆದರೆ ಮಳೆಗಾಲದಲ್ಲಿ ಹುಲ್ಲು ಬೆಳೆದು ಪೆಟ್ಟಿಗೆಗೆ ತಾಗಿದರೆ ಕೆಂಜಿಗಕ್ಕೆ ಅದೇ ಸೇತುವೆ. ಹುಲ್ಲು ಸವರಿ. ಕಡಜ ಬಂದರೆ ಬಾಗಿಲನ್ನು ಮರದ ಪಟ್ಟಿಯಿಂದ ತಗ್ಗಿಸಿ, ಎರಡು ಮೂರು ನೊಣ ಹೋಗಿಬರುವಷ್ಟು ಜಾಗ ಸಾಕು. ಗಟ್ಟಿ ಕುಟುಂಬವಾದರೆ ತುಡುವೆ ನೊಣಗಳು ಕಡಜವನ್ನು ಉಂಡೆಯಾಗಿ ಮುತ್ತಿ, ಮೈ ಕಾವಿನಿಂದಲೇ ಬೇಯಿಸಿ ಕೊಲ್ಲುತ್ತವೆ. ನೋಡಿದವರಿಗೆ ಗೊತ್ತು ಆ ಒಗ್ಗಟ್ಟು!

ಇನ್ನು ಹಕ್ಕಿ. ಒಳ್ಳೆಯ ದಿನಗಳಲ್ಲಿ ರಾಣಿ ದಿನಕ್ಕೆ ನೂರಾರು ತತ್ತಿ ಇಡುತ್ತಾಳೆ, ಹಕ್ಕಿ ತಿಂದದ್ದು ತುಂಬಿಬರುತ್ತದೆ. ನಿಜವಾದ ಅಪಾಯ ಹೊಸ ರಾಣಿ ಗಂಡುನೊಣಗಳನ್ನು ಕೂಡಲು ಹಾರುವ ದಿನಗಳಲ್ಲಿ. ಅವಳೇ ಹಕ್ಕಿಯ ಬಾಯಿಗೆ ಹೋದರೆ ಕುಟುಂಬ ಮುಗಿದಂತೆ. ಅದಕ್ಕೇ ಪೆಟ್ಟಿಗೆಯನ್ನು ತಂತಿಯ ಕೆಳಗೆ, ಬಯಲಲ್ಲಿ ಇಡಬೇಡಿ, ಮರದ ನೆರಳಿಗೆ ಸರಿಸಿ. ಪಾಲು ಮಾಡಿದ ಪೆಟ್ಟಿಗೆಯನ್ನಂತೂ ಹಕ್ಕಿ ಕೂರುವ ಕಡೆಯಿಂದ ದೂರವಿಡಿ. ಕೋವಿ ಎತ್ತಬೇಡಿ. 1972ರ ವನ್ಯಜೀವಿ ಕಾಯಿದೆ ಇದೆ, ಸಾಲದ ಜೊತೆಗೆ ಕೇಸೂ ಯಾಕೆ? ಮೇಲಾಗಿ ಅದೇ ಕಳ್ಳಿಪೀರ ಕಡಜವನ್ನೂ ಹಿಡಿದು ತಿನ್ನುತ್ತದೆ.

ಬಿರುಕು ಮುಚ್ಚಿದರೆ ಎಲ್ಲ ಸರಿಯಾಗುತ್ತದೆ ಅಂತ ನಾನು ಹೇಳುವುದಿಲ್ಲ. 1991-92ರಲ್ಲಿ ಥಾಯ್ ಸ್ಯಾಕ್ ಬ್ರೂಡ್ ಬಂದಾಗ ದಕ್ಷಿಣದ ತುಡುವೆ ಬಹುಪಾಲು ನಾಶವಾಯ್ತು. ಅದು ವೈರಸ್ ರೋಗ. ಮರಿ ನೀರು ತುಂಬಿದ ಚೀಲದ ಹಾಗೆ ಸತ್ತು ಬಿದ್ದಿರುತ್ತದೆ. ಅಂಥದ್ದು ಕಂಡರೆ ಆ ಪೆಟ್ಟಿಗೆಯ ಚೌಕಟ್ಟನ್ನು ಇನ್ನೊಂದಕ್ಕೆ ಹಾಕಬೇಡಿ, ನೆರೆಯವರಿಗೆ ಮಾರಲೂ ಬೇಡಿ.

ಬೆಲೆಯ ಮಾತಿಗೆ ಬಂದರೆ, ಕೊಡಗಿನವರು 1936ರಲ್ಲೇ ವಿರಾಜಪೇಟೆಯಲ್ಲಿ ಜೇನು ಸಹಕಾರ ಸಂಘ ಕಟ್ಟಿದ್ದರು. ನಾವಿನ್ನೂ ಒಬ್ಬೊಬ್ಬರಾಗಿ ಬಾಟಲಿ ಹಿಡಿದು ಅಂಗಡಿಗೆ ಹೋಗುತ್ತೇವೆ. ಕಂತಿನ ತಾರೀಖನ್ನು ತುಪ್ಪದ ಸುಗ್ಗಿ ನೋಡಿ ಇಡಿ ಅಂತ ಸಾಲ ಕೊಡುವವರನ್ನು ಕೇಳೋಣ. ಒಬ್ಬನೇ ಹೋದರೆ ನಗುತ್ತಾರೆ, ಐವತ್ತು ಜನ ಹೋದರೆ ಕುರ್ಚಿ ಹಾಕುತ್ತಾರೆ.

ಒಂದು ಹಳೇ ಪೆಟ್ಟಿಗೆ ತಂದಿದ್ದೇನೆ. ಮೇಣ, ಉಳಿ, ಸುತ್ತಿಗೆಯೂ ಇವೆ. ಹತ್ತಿರ ಬನ್ನಿ, ಬಿಚ್ಚಿ ತೋರಿಸುತ್ತೇನೆ.