ಒಲೆ ಆರಿಸದೆ ಉರಿ ತಗ್ಗಿಸುವ ಪ್ರೋಟೀನು

ಮಕ್ಕಳೇ, ಮುಂಬಯಿಯ ಪರೇಲಿನಲ್ಲಿ ವಾಡಿಯಾ ಹೆರಿಗೆ ಆಸ್ಪತ್ರೆ ಇದೆ, 1926ರಷ್ಟು ಹಳೆಯದು. ನಿಮ್ಮಲ್ಲಿ ಕೆಲವರು ಅಲ್ಲೇ ಹುಟ್ಟಿರಬಹುದು. ಎಲ್ಲೇ ಹುಟ್ಟಿರಲಿ, ಅದಕ್ಕೂ ಮೊದಲು ಅಮ್ಮನ ಹೊಟ್ಟೆಯಲ್ಲಿ ಒಂದು ಸೋಜಿಗ ನಡೆದಿತ್ತು. ಬನ್ನಿ, ಸೇರಿ ನೋಡೋಣ.

ನಮ್ಮ ರಕ್ತದ ಬಿಳಿ ಕಣಗಳಲ್ಲಿ ಸಹಾಯಕ ಟಿ ಕೋಶಗಳು ಒಂದು ಬಗೆ. ರೋಗಾಣು ಒಳಗೆ ನುಗ್ಗಿದರೆ ಇವು ಅದನ್ನು ಗುರುತಿಸಿ, ಉಳಿದ ಕಣಗಳನ್ನು ಕೆಲಸಕ್ಕೆ ಎಬ್ಬಿಸುತ್ತವೆ. ಕೆಲವು ಸಹಾಯಕರು ನೇರ ಕಾದಾಟಕ್ಕೆ ಹುರಿದುಂಬಿಸಿದರೆ, ಇನ್ನು ಕೆಲವರು ರೋಗಾಣುವನ್ನು ತಡೆಯುವ ಪ್ರತಿಕಾಯಗಳನ್ನು ತಯಾರಿಸಲು ನೆರವಾಗುತ್ತಾರೆ.

ಈಗ ಒಂದು ಒಗಟು. ನಿಮ್ಮಲ್ಲಿ ಅರ್ಧ ಅಮ್ಮನಿಂದ ಬಂದದ್ದು, ಅರ್ಧ ಅಪ್ಪನಿಂದ. ಅಪ್ಪನ ಪಾಲು ಅಮ್ಮನ ಮೈಗೆ ಹೊಸದಲ್ಲವೇ? ಆದರೂ ಅಮ್ಮನ ಕಣಗಳು ನಿಮ್ಮ ಮೇಲೆ ಏರಿಬರಲಿಲ್ಲ. ಏಕೆ? 1953ರಲ್ಲಿ ಪೀಟರ್ ಮೆಡವಾರ್ ಎಂಬ ದೊಡ್ಡ ವಿಜ್ಞಾನಿ ಕೇಳಿದ್ದೂ ಇದನ್ನೇ.

ಉತ್ತರದ ಒಂದು ತುಣುಕು ಗ್ಲೈಕೋಡೆಲಿನ್ ಎಂಬ ಪ್ರೋಟೀನು. ಬಸಿರಿನ ಮೊದಲ ತಿಂಗಳುಗಳಲ್ಲಿ ಗರ್ಭಕೋಶದ ಒಳಪದರ ಅದನ್ನು ಧಾರಾಳವಾಗಿ ತಯಾರಿಸುತ್ತದೆ.

ಅದನ್ನು ಹತ್ತಿರದಿಂದ ನೋಡಿದರೆ, 162 ಅಮೈನೋ ಆಮ್ಲಗಳು ಸಾಲಾಗಿ ಸೇರಿಕೊಂಡಿವೆ. ಆ ಸಾಲಿನ ಮೇಲೆ ಎರಡು ಕಡೆ ಸಕ್ಕರೆಯ ಅಣುಗಳು ಅಂಟಿಕೊಂಡಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಂಜಲಿ ಕಾರಂದೆ ಮತ್ತು ಸಂಗಡಿಗರು 2004ರಲ್ಲಿ ಒಂದು ಸಂಗತಿ ತೋರಿಸಿಕೊಟ್ಟರು: ಪ್ರೋಟೀನು ಅದೇ ಆಗಿದ್ದರೂ ಅಂಟಿದ ಸಕ್ಕರೆ ಬೇರೆಯಾದರೆ, ಟಿ ಕೋಶಗಳ ಮೇಲೆ ಅದರ ಪ್ರಭಾವ ನಡೆಯದು!

ಅದು ಮಾಡುವುದೇನು? ಹಾಲು ಉಕ್ಕಿ ಬರುವಾಗ ಅಮ್ಮ ಗ್ಯಾಸನ್ನು ಆರಿಸಿಬಿಡುವುದಿಲ್ಲ, ಉರಿ ಸಣ್ಣ ಮಾಡುತ್ತಾರೆ. ಒಲೆ ಉರಿಯುತ್ತಲೇ ಇರುತ್ತದೆ, ಹಾಲೂ ಉಕ್ಕುವುದಿಲ್ಲ. ಗ್ಲೈಕೋಡೆಲಿನ್ ಕೂಡ ಹಾಗೆಯೇ. ಕಾದಾಟಕ್ಕೆ ಹುರಿದುಂಬಿಸುವ ಸಹಾಯಕರಲ್ಲಿ ಹಲವರು ಅದರಿಂದ ಸಾಯುತ್ತಾರೆ. ಪ್ರತಿಕಾಯಕ್ಕೆ ನೆರವಾಗುವವರು ಹೆಚ್ಚಾಗಿ ಉಳಿದುಕೊಳ್ಳುತ್ತಾರೆ. ಹಾಂಗ್‌ಕಾಂಗಿನ ಸಂಶೋಧಕರು ಈ ವ್ಯತ್ಯಾಸವನ್ನು 2011ರಲ್ಲಿ ಪ್ರಯೋಗಾಲಯದಲ್ಲಿ ಕಂಡರು.

ಗ್ಲೈಕೋಡೆಲಿನ್ ಒಂದೇ ಈ ಕೆಲಸ ಮಾಡುವುದಿಲ್ಲ, ಜೊತೆಗೆ ಇನ್ನೂ ಹಲವು ಪ್ರೋಟೀನುಗಳೂ ಹಾರ್ಮೋನುಗಳೂ ಕೈಜೋಡಿಸುತ್ತವೆ. ಪರೇಲಿನಲ್ಲೇ ಇರುವ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯೊಂದು ಬಸಿರು, ಹೆರಿಗೆಗಳ ಇಂಥ ಒಗಟುಗಳನ್ನೇ ಬಿಡಿಸುತ್ತಿದೆ.

ಉರಿ ತಗ್ಗಿದರೂ ಅಮ್ಮನ ಕಾವಲು ಮುಗಿದುಹೋಗಿರಲಿಲ್ಲ ಎನ್ನುವುದಕ್ಕೆ ಒಂದು ಗುರುತು ನಿಮ್ಮ ಮನೆಯಲ್ಲೇ ಸಿಕ್ಕೀತು. ಬಸುರಿಯರಿಗೆ ಧನುರ್ವಾಯುವಿನ ಚುಚ್ಚುಮದ್ದು ಕೊಡುತ್ತಾರೆ. ಅದರಿಂದ ಅಮ್ಮನ ಮೈ ಪ್ರತಿಕಾಯಗಳನ್ನು ತಯಾರಿಸುತ್ತದೆ, ಅವು ಮಾಸಿನ ಮೂಲಕ ಕೂಸಿಗೂ ದಾಟುತ್ತವೆ. ನೀವು ಹೊಟ್ಟೆಯಲ್ಲಿದ್ದಾಗಿನ ಆಸ್ಪತ್ರೆಯ ಕಾರ್ಡನ್ನು ಅಮ್ಮ ಎತ್ತಿಟ್ಟಿದ್ದರೆ ಕೇಳಿ ನೋಡಿ. ಆ ಚುಚ್ಚುಮದ್ದಿನ ತಾರೀಕನ್ನು ಹುಡುಕಿ. ಧನುರ್ವಾಯುವಿನಿಂದ ನಿಮ್ಮ ರಕ್ಷಣೆ ಶುರುವಾದದ್ದು ಅಲ್ಲಿಂದ!